ಸೊಂಟದ ಕೀಲು ಬದಲಿಸಿ ವರ್ಷಗಳಾದ ಮೇಲೆ ಒಳಗಿನ ಮಾಂಸ, ಎಲುಬು ಕೆಡುತ್ತದಾ?

ಅಮ್ಮನ ಸೊಂಟದ ಕೀಲು ಬದಲಿಸಿ ಒಂಬತ್ತು ವರ್ಷ ಆಯಿತು, ನೋವಿಲ್ಲ, ಆದರೆ ಲೋಹ ಒಳಗಿನ ಮಾಂಸವನ್ನು ಕೆಡಿಸುತ್ತದೆ ಎಂದು ಯಾರೋ ಹೆದರಿಸಿದ್ದಾರೆ ಅಂತ ಬರೆದಿದ್ದೀರಿ. ಎಲ್ಲರಿಗೂ ಹಾಗಾಗುವುದಿಲ್ಲ. ಆದರೆ ಮಾತು ಪೂರ್ತಿ ಸುಳ್ಳೂ ಅಲ್ಲ.

ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಅಪ್ಪನ ಸೊಂಟದ ಆಪರೇಷನ್ ಮಂಗಳೂರಿನಲ್ಲಿ ಆಗಿತ್ತು. ಲೋಹದ ಗುಂಡು, ಅದು ಕೂರುವ ಬಟ್ಟಲಿಗೆ ಪ್ಲಾಸ್ಟಿಕ್ ಒಳಪದರ. ಮೂರು ವರ್ಷ ಎಕ್ಸ್‌ರೇಗೆ ಹೋದರು. ಆಮೇಲೆ "ನೋವೇ ಇಲ್ಲ, ಸುಮ್ನೆ ಯಾಕೆ ಬಸ್ಸು ಹತ್ತುವುದು" ಎಂದರು. ನಾವೂ ಒತ್ತಾಯ ಮಾಡಲಿಲ್ಲ. ಹದಿಮೂರನೇ ವರ್ಷ ಒಂದು ಸಂಜೆ ತೋಟದಿಂದ ಬರುವಾಗ ಅಂಗಳದ ಎರಡನೇ ಮೆಟ್ಟಿಲಲ್ಲಿ ನಿಂತುಬಿಟ್ಟರು, ತೊಡೆಸಂದು ಒತ್ತಿ ಹಿಡಿದುಕೊಂಡು.

ಎಕ್ಸ್‌ರೇಯಲ್ಲಿ ಗುಂಡು ಬಟ್ಟಲಿನ ನಡುವೆ ಇರಲಿಲ್ಲ, ಮೇಲಕ್ಕೆ ಸರಿದಿತ್ತು. ಅಷ್ಟು ಪ್ಲಾಸ್ಟಿಕ್ ಸವೆದಿತ್ತು. ಬಟ್ಟಲಿನ ಹಿಂದಿನ ಎಲುಬಿನಲ್ಲಿ ಕಪ್ಪು ಗುಳಿಗಳು, ಒರಳೆ ತಿಂದ ಪಕ್ಕಾಸಿನ ಹಾಗೆ. ಸವೆದ ಪುಡಿಯನ್ನು ಮೈಯ ರಕ್ಷಣೆಯ ಜೀವಕೋಶಗಳು ನುಂಗುತ್ತವೆ, ಆದರೆ ಅರಗಿಸಲು ಆಗುವುದಿಲ್ಲ. ಅವು ಬಿಡುವ ರಾಸಾಯನಿಕದಿಂದ ಸುತ್ತಲಿನ ಎಲುಬು ಕರಗತೊಡಗುತ್ತದೆ. ಎಷ್ಟೋ ಸಲ ಕರಗುವಾಗ ನೋವೇ ಇರುವುದಿಲ್ಲ. ಕೀಲು ಸಡಿಲವಾದ ಮೇಲೆ ನೋವು. ಅಪ್ಪನಿಗೆ ಎರಡನೇ ಆಪರೇಷನ್ ಮಾಡಿ, ಗುಳಿಗಳಿಗೆ ಎಲುಬಿನ ಚೂರು ತುಂಬಬೇಕಾಯಿತು. ಇದು ಮೊದಲನೆಯದಕ್ಕಿಂತ ಜಾಸ್ತಿ ಕಷ್ಟದ್ದು.

ನೀವು ಕೇಳಿದ ಮಾಂಸದ ತೊಂದರೆ ಮುಖ್ಯವಾಗಿ ಗುಂಡು, ಬಟ್ಟಲು ಎರಡೂ ಲೋಹದ್ದೇ ಆದ ಕೀಲುಗಳಲ್ಲಿ ಕಂಡದ್ದು. ಉಜ್ಜಿ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಬಿಡುಗಡೆಯಾಗಿ ಸುತ್ತಲಿನ ಸ್ನಾಯು ಸಾಯಬಹುದು, ನೀರು ತುಂಬಿದ ಗಂಟು ಆಗಬಹುದು. ಅದು ಕ್ಯಾನ್ಸರ್ ಅಲ್ಲ. ಎಎಸ್‌ಆರ್ ಎಂಬ ಅಂಥ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆದರು, ಭಾರತದಲ್ಲೂ ಹಲವರಿಗೆ ಅದನ್ನು ಹಾಕಿದ್ದರು. ಪ್ಲಾಸ್ಟಿಕ್ ಬಟ್ಟಲಿದ್ದರೂ ಗುಂಡು, ತೊಡೆಯೆಲುಬಿನೊಳಗೆ ಕೂರಿಸಿದ ಲೋಹದ ಕಂಬಿಗೆ ಸೇರುವ ಜಾಗದಲ್ಲಿ ಲೋಹ ಸವೆದು ಅಪರೂಪಕ್ಕೆ ಹೀಗಾಗುತ್ತದೆ. ಸಂಶಯ ಬಂದರೆ ಡಾಕ್ಟರು ರಕ್ತದಲ್ಲಿ ಈ ಲೋಹಗಳ ಪ್ರಮಾಣ ನೋಡಿಸುತ್ತಾರೆ, ಎಂಆರ್‌ಐ ಮಾಡಿಸುತ್ತಾರೆ.

ಅಮ್ಮನ ಡಿಸ್ಚಾರ್ಜ್ ಫೈಲು ತೆಗೆದು ನೋಡಿ. ಕೀಲಿನ ಸ್ಟಿಕ್ಕರ್ ಅಂಟಿಸಿರುತ್ತಾರೆ, ಯಾವ ಜಾತಿಯದು ಎಂದು ಡಾಕ್ಟರಿಗೆ ಅದರಿಂದ ತಿಳಿಯುತ್ತದೆ. ನೋವಿಲ್ಲದಿದ್ದರೂ ಒಮ್ಮೆ ಎಕ್ಸ್‌ರೇ ಮಾಡಿಸಿ. ಹಳೆಯ ಎಕ್ಸ್‌ರೇ ಇದ್ದರೆ ಮರೆಯದೆ ಚೀಲಕ್ಕೆ ಹಾಕಿಕೊಳ್ಳಿ, ಎರಡನ್ನೂ ಪಕ್ಕದಲ್ಲಿಟ್ಟರೆ ಸವೆತ ಸರಿಯಾಗಿ ಕಾಣುತ್ತದೆ.