ವೋಚರ್ ಸಮೀಕ್ಷೆಗಳ ಅಂಕಿ ಯಾಕೆ ತಾಳೆಯಾಗುತ್ತಿಲ್ಲ?

ಅಮೆರಿಕದ ಶಾಲಾ ವೋಚರ್‌ಗೆ (ಮಕ್ಕಳ ಖಾಸಗಿ ಶಾಲೆಯ ಖರ್ಚಿಗೆ ಸರ್ಕಾರ ಕೊಡುವ ಹಣ) ಒಂದು ಸಮೀಕ್ಷೆಯಲ್ಲಿ ಬೆಂಬಲ, ಇನ್ನೊಂದರಲ್ಲಿ ವಿರೋಧ ಬರುತ್ತಿದೆ ಅಂದಿರಲ್ಲ, ಅದಕ್ಕೆ ಬಹುಶಃ ಪ್ರಶ್ನೆಯ ಪದಗಳೇ ಕಾರಣ. ನೀವು ನೋಡಿದ ಪ್ರಶ್ನಾವಳಿ ನನ್ನ ಮುಂದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಮೊದಲು ಅದನ್ನೇ ತೆಗೆದು ಓದಿ. "ಪೋಷಕರಿಗೆ ಆಯ್ಕೆ" ಎಂದು ಕೇಳಿದರೆ ಹೌದು ಅನ್ನುವವರು ಹೆಚ್ಚು; "ತೆರಿಗೆ ಹಣ ಖಾಸಗಿ ಶಾಲೆಗೆ" ಅಂದರೆ ಕಡಿಮೆ. ಆಮೇಲೆ ಕೇಳಿದ್ದು ಪೋಷಕರನ್ನೋ ಎಲ್ಲ ಮತದಾರರನ್ನೋ, "ಗೊತ್ತಿಲ್ಲ" ಅನ್ನಲು ಅವಕಾಶ ಇತ್ತೋ ನೋಡಿ. ಕೊನೆಗೆ ಮತದಾನದ ಫಲಿತಾಂಶದ ಜೊತೆ ಹೋಲಿಸಿ, ಇದನ್ನು ದಯವಿಟ್ಟು ಬಿಡಬೇಡಿ: 2024ರ ನವೆಂಬರ್‌ನಲ್ಲಿ ಕೆಂಟಕಿ, ನೆಬ್ರಾಸ್ಕಾ ಎರಡೂ ರಾಜ್ಯಗಳಲ್ಲಿ ಮತದಾರರು ಖಾಸಗಿ ಶಾಲೆಗೆ ಸರ್ಕಾರಿ ಹಣ ಬೇಡ ಅಂದರು. ಅರಿಜೋನಾದಲ್ಲಿ ಜನ 2018ರಲ್ಲಿ ತಿರಸ್ಕರಿಸಿದ, ವೋಚರ್ ಮಾದರಿಯ ಯೋಜನೆಯ ವಿಸ್ತರಣೆಯನ್ನು ಶಾಸಕಾಂಗ 2022ರಲ್ಲಿ ಎಲ್ಲ ಮಕ್ಕಳಿಗೂ ತಂದಿತು. ನಿಮ್ಮ ಲೇಖನದಲ್ಲಿ ಶೇಕಡಾವಾರಿನ ಪಕ್ಕದಲ್ಲೇ ಪ್ರಶ್ನೆಯನ್ನೂ ಪೂರ್ತಿ ಹಾಕಿ.