ಹಳೇ ಟ್ಯಾಬ್‌ಗೆ ಹೊಸ ವೈಫೈ ಕಾಣಿಸುತ್ತಿಲ್ಲವೇ?

ಪ್ರಶ್ನೆ: ಮನೆಗೆ ಹೊಸ ರೂಟರ್ ಹಾಕಿಸಿದ್ದೇವೆ. ಮೊಬೈಲ್‌ಗಳಿಗೆಲ್ಲ ವೈಫೈ ಸಿಗುತ್ತದೆ. ಆದರೆ ಮಗಳು ಓದೋಕೆ ಬಳಸುವ ಹಳೇ ಟ್ಯಾಬ್‌ನಲ್ಲಿ ನಮ್ಮ ವೈಫೈ ಹೆಸರೇ ಬರುತ್ತಿಲ್ಲ, ಪಕ್ಕದ ಮನೆಯವರದ್ದು ಕಾಣಿಸುತ್ತದೆ! ಟ್ಯಾಬ್ ಕೆಟ್ಟಿದೆಯಾ?
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ಕೆಟ್ಟಿಲ್ಲ, ಸುಮ್ನೆ ಹೊಸದು ತಗೊಳ್ಳೋಕೆ ಹೋಗಬೇಡಿ. ಪಕ್ಕದ ಮನೆಯದ್ದು ಕಾಣಿಸುತ್ತಿದೆ ಅಲ್ವಾ, ಅಂದ್ರೆ ಟ್ಯಾಬ್‌ನ ವೈಫೈ ಕೆಲಸ ಮಾಡುತ್ತಿದೆ. ಮನೆಯ ವೈಫೈ ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅನ್ನೋ ಎರಡು ಬ್ಯಾಂಡ್‌ಗಳಲ್ಲಿ, ಅಂದ್ರೆ ರೇಡಿಯೋ ತರಂಗಗಳ ಪಟ್ಟಿಗಳಲ್ಲಿ, ಬರುತ್ತದೆ. ಹಳೇ, ಕಡಿಮೆ ಬೆಲೆಯ ಟ್ಯಾಬ್‌ಗಳಲ್ಲಿ ಬಹಳಷ್ಟು 2.4 ಮಾತ್ರ ಹಿಡಿಯುತ್ತವೆ. ನಿಮ್ಮ ರೂಟರ್‌ನಲ್ಲಿ ಬಹುಶಃ 5 ಮಾತ್ರ ಆನ್ ಇದೆ.

ರೂಟರ್ ತಿರುಗಿಸಿ ನೋಡಿ. ತಳದ ಸ್ಟಿಕ್ಕರ್ ಮೇಲೆ 192.168.1.1 ತರಹದ ಒಂದು ನಂಬರು, ಜೊತೆಗೆ ಲಾಗಿನ್ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ಇರುತ್ತವೆ. ಮೊಬೈಲ್ ಅದೇ ವೈಫೈಗೆ ಸೇರಿರುವಾಗ ಬ್ರೌಸರ್‌ನಲ್ಲಿ ಆ ನಂಬರು ಹೊಡೆದು ಒಳಗೆ ಹೋಗಿ, ವೈರ್‌ಲೆಸ್ ಸೆಟ್ಟಿಂಗ್‌ನಲ್ಲಿ 2.4 ಆನ್ ಮಾಡಿ, ಗುರುತು ಸಿಗೋ ಹಾಗೆ ಅದಕ್ಕೆ ಬೇರೆ ಹೆಸರು ಕೊಡಿ. ಅಲ್ಲೇ ಸೆಕ್ಯುರಿಟಿ, ಅಂದ್ರೆ ವೈಫೈಯನ್ನು ಕಾಯುವ ವಿಧಾನ, ಡಬ್ಲ್ಯೂಪಿಎ2 (WPA2) ಇರಲಿ, ಅದಕ್ಕಿಂತ ಹೊಸದಾದ ಡಬ್ಲ್ಯೂಪಿಎ3 (WPA3) ಮಾತ್ರ ಅಂತಿದ್ದರೆ ಹಳೇ ಟ್ಯಾಬ್ ಸೇರಿಕೊಳ್ಳಲ್ಲ. ಹಳೇ ಮನೆಗಳ ದಪ್ಪ ಗೋಡೆ ದಾಟೋಕೂ 2.4 ಬ್ಯಾಂಡೇ ವಾಸಿ, ವೇಗ ಸ್ವಲ್ಪ ಕಡಿಮೆ ಅಷ್ಟೇ.

ಸೇರಿದ ಮೇಲೂ ವೆಬ್‌ಸೈಟ್ ತೆರೆಯದಿದ್ದರೆ ಟ್ಯಾಬ್‌ನ ತಾರೀಖು, ಟೈಮ್ ಸರಿಯಿದೆಯಾ ನೋಡಿ.