ವಿಂಡೋಸ್ ಫೋನ್ ಚೆನ್ನಾಗಿದ್ದೂ ಏಕೆ ಓಡಲಿಲ್ಲ?

ಆಂಡ್ರಾಯ್ಡ್ ಮತ್ತು ಐಫೋನ್ ನಡುವೆ ಮೂರನೆಯದೊಂದು ಏಕೆ ನಿಲ್ಲುವುದಿಲ್ಲ, ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ತಂತ್ರಾಂಶವಿದ್ದ ಆ ಫೋನುಗಳೇ ಕಳಪೆಯೇ ಎಂದು ಕೇಳಿದ್ದೀರಿ. ಕಳಪೆಯಲ್ಲ. 2013-14ರಲ್ಲಿ ದಾವಣಗೆರೆಯ ಮೊಬೈಲ್ ಅಂಗಡಿಯೊಂದರಲ್ಲಿ ನಿಂತು ಅವುಗಳನ್ನು ಮಾರಲು ಹೆಣಗಿದವನು ನಾನು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ಆಗ ನಮ್ಮ ಗಾಜಿನ ಕಪಾಟಿನ ಅಂದಗಾರನೆಂದರೆ ವಿಂಡೋಸ್ ಇದ್ದ ನೋಕಿಯಾ ಲೂಮಿಯಾ 520. ಅರಿಶಿನ ಬಣ್ಣದ ಬೆನ್ನು. 512 ಎಂಬಿ ರ್‍ಯಾಮ್ ಅಷ್ಟೇ ಇದ್ದರೂ ಬೆರಳು ಎಳೆದತ್ತ ಬೆಣ್ಣೆಯಂತೆ ಜಾರುವ ಪರದೆ. ಒಮ್ಮೆ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಅದನ್ನು ಕೈಗೆತ್ತಿಕೊಂಡು, ಮಂಡಿಯಲ್ಲಿ ಅಡಿಕೆಯ ಮಾದರಿ ನೋಡುವಂತೆ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೆಚ್ಚಿದರು. ಜೇಬಿಗೆ ಕೈ ಹಾಕಿದವರು ಏನೋ ನೆನಪಾಗಿ ತಮ್ಮ ಹಳೆಯ ಫೋನ್ ತೆಗೆದು ಅಳಿಯನಿಗೆ ಕರೆ ಮಾಡಿದರು. ಆಚೆಯ ದನಿ ನನಗೂ ಕೇಳಿಸಿತು: "ಅದು ಬೇಡ ಮಾವ, ಏನಾದರೂ ತಿಳಿಯದಿದ್ದರೆ ನಾನು ಹೇಳಿಕೊಡಲಾರೆ."

ಮುಕ್ಕಾಲು ಉತ್ತರ ಅಷ್ಟೇ. ನಮ್ಮಲ್ಲಿ ಫೋನ್ ಕಲಿಯುವುದು ಅಳಿಯನಿಂದ, ಪಕ್ಕದ ಮನೆಯ ಹುಡುಗನಿಂದ, ಬಸ್ಸಿನಲ್ಲಿ ಜೊತೆಗೆ ಕೂತವರಿಂದ. ಅವರ ಕೈಯಲ್ಲಿಲ್ಲದ ಫೋನ್ ಕೊಂಡವನು ಒಂಟಿ. ಅವನಿಗೆ ಹಿಂಬದಿಯ ಕವರ್ ಸಿಗುವುದೂ ಕಷ್ಟ: ನಮ್ಮ ಅಂಗಡಿಯ ಮೊಳೆಗಳಿಗೆ ನೇತುಹಾಕಿದ್ದ ನೂರಾರು ಕವರುಗಳಲ್ಲಿ ಲೂಮಿಯಾದವು ನಾಲ್ಕೋ ಐದೋ, ಅವೂ ಧೂಳು ಹಿಡಿದವು.

ಆ್ಯಪ್‌ಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಗ್ರಾಹಕರಿಲ್ಲವೆಂದು ಆ್ಯಪ್ ಬರೆಯುವವರು ಬರಲಿಲ್ಲ, ಆ್ಯಪ್ ಇಲ್ಲವೆಂದು ಗ್ರಾಹಕರು ಬರಲಿಲ್ಲ. 2013ರಲ್ಲಿ ಮೈಕ್ರೋಸಾಫ್ಟ್ ತಾನೇ ಯೂಟ್ಯೂಬ್ ಆ್ಯಪ್ ಸಿದ್ಧಪಡಿಸಿದರೆ, ಗೂಗಲ್ ಅದನ್ನು ತೆಗೆಯಿರಿ ಎಂದು ನೋಟಿಸ್ ಕಳಿಸಿತು. ಈ ಫೋನುಗಳಿಗೆ ಇನ್‌ಸ್ಟಾಗ್ರಾಂ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ, ಅದೂ ಪ್ರಾಯೋಗಿಕ ರೂಪದಲ್ಲಿ.

ನನಗೆ ಹೆಚ್ಚು ಸಿಟ್ಟು ತರಿಸುವುದು ಬೇರೆಯದೇ. ವಿಂಡೋಸ್ ಫೋನ್ 7 ಇದ್ದ ಫೋನುಗಳಿಗೆ 8ನೇ ಆವೃತ್ತಿ ಸಿಗುವುದಿಲ್ಲವೆಂದು 2012ರಲ್ಲಿ ಕಂಪನಿಯೇ ಹೇಳಿತು. ಮೊದಲು ನಂಬಿ ಬಂದ ಬೆರಳೆಣಿಕೆಯ ಮಂದಿಯ ಕೈಯನ್ನೇ ಬಿಟ್ಟಂತೆ. ಅಂಥವರೇ ತಾನೇ ಇನ್ನೊಬ್ಬರ ಅಳಿಯಂದಿರು! 2014ರಲ್ಲಿ ನೋಕಿಯಾದ ಫೋನ್ ವಿಭಾಗವನ್ನು ಕೊಂಡುಕೊಂಡ ಮೈಕ್ರೋಸಾಫ್ಟ್ ಮರುವರ್ಷವೇ 760 ಕೋಟಿ ಡಾಲರುಗಳನ್ನು ನಷ್ಟದ ಲೆಕ್ಕಕ್ಕೆ ಬರೆಯಿತು.

ಬೆಲೆ ಇಳಿಸಿದರೆ ಸಾಕಿತ್ತು ಎನ್ನುವವರಿದ್ದಾರೆ. 2014ರಲ್ಲಿ ಫೈರ್‌ಫಾಕ್ಸ್ ಓಎಸ್ ಎಂಬ ಇನ್ನೊಂದು ತಂತ್ರಾಂಶವಿದ್ದ ಇಂಟೆಕ್ಸ್ ಫೋನ್ 1,999 ರೂಪಾಯಿಗೇ ಬಂದಿತ್ತು, ಆದರೂ ಆ ತಂತ್ರಾಂಶ ಫೋನುಗಳಲ್ಲಿ ಉಳಿಯಲಿಲ್ಲ. ತಮಾಷೆಯೆಂದರೆ ಅದರದೇ ಬೇರಿನಿಂದ ಚಿಗುರಿದ ಕಾಯ್‌ಓಎಸ್ 2017ರಲ್ಲಿ ಜಿಯೋಫೋನ್ ಒಳಗೆ ಕೂತು ಹಳ್ಳಿಹಳ್ಳಿ ತಲುಪಿತು. ಆ ಫೋನ್ ನೋಡಲು ಗುಂಡಿ ಒತ್ತುವ ಹಳೆಯ ಫೋನಿನಂತೆಯೇ ಇತ್ತು. ಒಳಗೆ ಯಾವ ತಂತ್ರಾಂಶವಿದೆ ಎಂದು ಯಾರೂ ಅಳಿಯನನ್ನು ಕೇಳಲು ಹೋಗಲಿಲ್ಲ.